ನೂರು ಗ್ರಾಂ ಹತ್ತಿ, ಒಂದು ತಕಲಿ, ಒಂದು ಗಡಿಯಾರ: ಯಂತ್ರ ಏನು ಬದಲಿಸಿತು ಎಂದು ಕೈಯಾರೆ ಅಳೆಯುವ ಬಗೆ

ಜವಳಿ ಯಂತ್ರಗಳ ಇಸವಿಗಳನ್ನು ಬಾಯಿಪಾಠ ಮಾಡಿದವರಿಗೂ ಅವು ಆ ಕ್ರಮದಲ್ಲೇ ಏಕೆ ಬಂದವು ಎಂಬುದು ತಿಳಿದಿರುವುದಿಲ್ಲ. ಬೀಜಸಹಿತ ಹತ್ತಿಯನ್ನು ಒಮ್ಮೆ ಕೈಯಲ್ಲೇ ನೂಲಾಗಿಸಿ, ಪ್ರತಿ ಹಂತಕ್ಕೆ ಹಿಡಿದ ಹೊತ್ತನ್ನು ಬರೆದಿಟ್ಟರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಬ್ಬರು ಸೇರಿದರೆ ಒಂದು ದಿನದ ಕೆಲಸ. ಹೈಸ್ಕೂಲು ಮಕ್ಕಳಿಂದಲೂ ಮಾಡಿಸಬಹುದು.

ಬೇಕಾದದ್ದು ಇಷ್ಟು: ಗಿರಣಿಗೆ ಹೋಗದ ಹತ್ತಿ 100 ಗ್ರಾಂ, ಬಂಗಾರದಂಗಡಿಯವರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ, ನುಣುಪಾದ ಚಪ್ಪಟೆ ಕಲ್ಲು, ಬೆರಳಿಗಿಂತ ತೆಳುವಾದ ಒಂದು ಅಡಿ ಉದ್ದದ ಕಬ್ಬಿಣದ ಸರಳು, ತಂತಿ ಹಲ್ಲಿನ ಎರಡು ಬ್ರಶ್ಶು, ತಕಲಿ, ಅಳತೆ ಟೇಪು.

ಬೀಜ ಬಿಡಿಸುವುದು

ಹತ್ತಿಯನ್ನು ಒಂದೆರಡು ಗಂಟೆ ಬಿಸಿಲಿಗೆ ಹರಡಿ, ಎಲೆಚೂರು ಮತ್ತು ಹಳದಿಗಟ್ಟಿದ ಕೊಳೆಗಳನ್ನು ಆರಿಸಿ ತೆಗೆಯಿರಿ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ: ಕಟ್ಟೆಂದು ಒಡೆದರೆ ಒಣಗಿದೆ, ಮೆತ್ತಗೆ ಒತ್ತಿಕೊಂಡರೆ ಇನ್ನೂ ಹಸಿ. ಮೊದಲು 10 ಗ್ರಾಂ ಹತ್ತಿಯ ಕಾಳನ್ನು ಬರಿ ಬೆರಳಿನಲ್ಲಿ ಬಿಡಿಸಿ ಹೊತ್ತು ಬರೆದುಕೊಳ್ಳಿ. ಆಮೇಲೆ ಇನ್ನೊಂದು 10 ಗ್ರಾಂ ಅನ್ನು ಕಲ್ಲಿನ ಮೇಲೆ ತೆಳುವಾಗಿ ಹರಡಿ, ಸರಳನ್ನು ಅಂಗೈಯಿಂದ ಒತ್ತುತ್ತ ಮುಂದಕ್ಕೆ ಉರುಳಿಸಿ. ಅರಳೆ ಸರಳಿನ ಕೆಳಗೆ ನುಸುಳಿ ಹಿಂದೆ ಬರುತ್ತದೆ, ಕಾಳು ಮುಂದಕ್ಕೆ ಜಿಗಿಯುತ್ತದೆ.

ಎಡವುವುದು ಮೂರು ಕಡೆ. ಹತ್ತಿ ಹಸಿಯಾಗಿದ್ದರೆ ಅರಳೆ ಸರಳಿಗೇ ಸುತ್ತಿಕೊಳ್ಳುತ್ತದೆ. ಸರಳು ದಪ್ಪವಾದರೆ ಕಾಳಿನ ಮೇಲೇರಿ ಅದನ್ನು ಜಜ್ಜುತ್ತದೆ, ಎಣ್ಣೆ ತಾಗಿ ಅರಳೆ ಕಲೆಯಾಗುತ್ತದೆ. ಹತ್ತಿಯನ್ನು ದಪ್ಪಗೆ ಹರಡಿದರೆ ಕಾಳಿಗೆ ದಾರಿಯೇ ಸಿಗುವುದಿಲ್ಲ. ಪೂರ್ತಿ 100 ಗ್ರಾಂ ಮುಗಿಸಿದಾಗ ಅರಳೆ ಸುಮಾರು 33ರಿಂದ 35 ಗ್ರಾಂ ಸಿಗಬೇಕು, ಉಳಿದದ್ದೆಲ್ಲ ಹೆಚ್ಚುಕಡಿಮೆ ಕಾಳೇ. 40 ದಾಟಿದರೆ ಖುಷಿಪಡಬೇಡಿ, ಒಡೆದ ಕಾಳಿನ ಚೂರು ಒಳಗೇ ಉಳಿದಿವೆ.

ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇದೇ ಕೆಲಸವನ್ನು ಗಿಡ್ಡ ಮಣೆಯ ಮೇಲೆ ಕೂತು, ಸರಳನ್ನು ಪಾದದಿಂದ ಉರುಳಿಸಿ ಮಾಡುತ್ತಿದ್ದರು. ಕುಮಟಾ ಬಂದರಿನಿಂದ ಹಡಗೇರಿ 'ಕುಮ್ಟಾ' ಎಂದು ಹೆಸರಾದ ಹತ್ತಿಯ ಹಿಂದೆ ಆ ಪಾದಗಳಿದ್ದವು. ಅಮೆರಿಕದ ಒಳನಾಡಿನ ಹತ್ತಿಯದು ಬೇರೆ ಕಥೆ. ಅದರ ಕಾಳಿಗೆ ನವಿರು ರೋಮ ಬಿಗಿಯಾಗಿ ಅಂಟಿರುತ್ತದೆ, ಉರುಳೆಗೆ ಸುಲಭವಾಗಿ ಬಗ್ಗುವುದಿಲ್ಲ. ಕೈಯಲ್ಲಿ ದಿನಕ್ಕೆ ಒಂದು ಪೌಂಡ್ ಅರಳೆ ಬಿಡಿಸಿದರೆ ಹೆಚ್ಚು. 1793ರಲ್ಲಿ ಎಲೈ ವಿಟ್ನಿ ಕಟ್ಟಿದ ಜಿನ್ನಿನಲ್ಲಿ (ಬೀಜ ಬಿಡಿಸುವ ಯಂತ್ರ) ತಂತಿ ಹಲ್ಲುಗಳು ಅರಳೆಯನ್ನು ಕಾಳು ತೂರಲಾರದಷ್ಟು ಕಿರಿದಾದ ಸಂದಿನಿಂದ ಎಳೆದುಕೊಳ್ಳುತ್ತಿದ್ದವು. ದಿನಕ್ಕೆ 50 ಪೌಂಡ್ ಬಂತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಬೀಜ ಬಿಡಿಸುವ ಕೆಲಸ ಐವತ್ತು ಪಟ್ಟು ಹಗುರಾದರೆ ಕೂಲಿ ಕಡಿಮೆ ಸಾಕಾಗಬೇಕಿತ್ತು. ಆದರೆ ಬಿತ್ತುವ, ಕಳೆ ಕೀಳುವ, ಗಿಡದಿಂದ ಹತ್ತಿ ಬಿಡಿಸುವ ಕೆಲಸ ಹಗುರಾಗಲಿಲ್ಲ. ಲಾಭ ಕಂಡೊಡನೆ ಬೆಳೆ ಹಬ್ಬಿತು, ಹೊಲಕ್ಕೆ ಕೈಗಳು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಅಮೆರಿಕದ ಗುಲಾಮರ ಸಂಖ್ಯೆ 1860ಕ್ಕೆ 40 ಲಕ್ಷದ ಹತ್ತಿರ ಬಂತು. ಆ ಏರಿಕೆಗೆ ಹತ್ತಿಯೊಂದೇ ಕಾರಣವಲ್ಲ. ಆದರೆ ಸೊರಗಬಹುದಾಗಿದ್ದ ಗುಲಾಮಗಿರಿಗೆ ಲಾಭದ ಆಸರೆ ಕೊಟ್ಟದ್ದು ಹತ್ತಿಯೇ.

ಅದೇ ಬಗೆಯ, ತಂತಿಯ ಬದಲು ಗರಗಸದ ಹಲ್ಲಿನ ಜಿನ್ನನ್ನು ಬ್ರಿಟಿಷರು 1840ರ ದಶಕದಲ್ಲಿ ಅಮೆರಿಕದ ಬೀಜದ ಜೊತೆ ಧಾರವಾಡಕ್ಕೂ ತಂದರು. ಗಿಡ್ಡ ಎಳೆಯ ದೇಶಿ ಹತ್ತಿಯನ್ನು ಅದರ ಹಲ್ಲು ಕತ್ತರಿಸಿ ಹಾಳುಮಾಡುತ್ತಿತ್ತು. ನಮ್ಮ ಜಿನ್ನಿಂಗ್ ಗಿರಣಿಗಳಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣುವುದು ಡಬಲ್ ರೋಲರ್ ಜಿನ್ನೇ: ಚರ್ಮದ ಬಿಲ್ಲೆ ಪೋಣಿಸಿದ ಉರುಳೆ, ಅದಕ್ಕೆ ಒತ್ತಿಕೊಂಡ ಚೂರಿ, ಕಾಳನ್ನು ತಟ್ಟಿ ಉದುರಿಸುವ ಇನ್ನೊಂದು ಪಟ್ಟಿ. ನಿಮ್ಮ ಕಲ್ಲು ಮತ್ತು ಸರಳಿನ ಮೊಮ್ಮಗ ಎನ್ನಿ.

ಹಿಂಜುವುದು

ಅರಳೆಯನ್ನು ಬೆರಳಿನಲ್ಲಿ ಬಿಡಿಸಿ ಹಗುರ ಮಾಡಿ, ಎರಡು ಬ್ರಶ್ಶುಗಳ ನಡುವೆ ಏಳೆಂಟು ಸಲ ಎಳೆಯಿರಿ. ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳಬಾರದು, ಸವರಿದಂತಿರಬೇಕು. ಹಾಳೆಯಂತೆ ಬಂದದ್ದನ್ನು ಕಡ್ಡಿಗೆ ಸುತ್ತಿ ಕಡ್ಡಿ ಎಳೆದರೆ ಹಂಜಿ ಸಿದ್ಧ. ಹಳ್ಳಿಹಳ್ಳಿಗೆ ಬಿಲ್ಲು ಹೊತ್ತು ಬರುತ್ತಿದ್ದ ಪಿಂಜಾರರ ಕಸುಬು ಇದೇ.

ನೂಲುವುದು

ಕೆಲಸ ಇಕ್ಕಟ್ಟಿಗೆ ಸಿಲುಕುವುದು ಇಲ್ಲಿ. ತಕಲಿಗೆ ಒಂದು ಅಡಿ ಹಳೆಯ ನೂಲು ಕಟ್ಟಿ, ಅದರ ತುದಿಯನ್ನು ಹಂಜಿಯ ಮೇಲಿಟ್ಟು ತಕಲಿ ತಿರುಗಿಸಿ. ಎಡಗೈ ಹಂಜಿಯನ್ನು ಸಡಿಲವಾಗಿ ಹಿಡಿದು ಮೇಲಕ್ಕೆ ಸರಿಯಲಿ. ತೋಳಿನುದ್ದ ಬಂದ ಮೇಲೆ ಇನ್ನಷ್ಟು ಹುರಿ ಕೊಟ್ಟು ಸುತ್ತಿಕೊಳ್ಳಿ. ನೂಲು ಜಾರಿ ಬಿಟ್ಟರೆ ಹುರಿ ಸಾಲದು. ಸಡಿಲ ಬಿಟ್ಟಾಗ ತಾನೇ ಮುರುಟಿ ಗಂಟಾದರೆ ಹುರಿ ಹೆಚ್ಚು. ಉಂಡೆಯುಂಡೆಯಾಗಿ ಬಂದರೆ ತಪ್ಪು ನೂಲುವವರದ್ದಲ್ಲ, ಹಿಂಜಿದವರದ್ದು.

ನೂಲಿನ ನಂಬರು (ನಂಬರು ಹೆಚ್ಚಿದಷ್ಟೂ ನೂಲು ತೆಳು) ತಿಳಿಯಲು 20 ಮೀಟರ್ ನೂಲನ್ನು ತೂಗಿ, 11.8ನ್ನು ಆ ಗ್ರಾಂಗಳಿಂದ ಭಾಗಿಸಿ. 1.2 ಗ್ರಾಂ ತೂಗಿದರೆ ಸುಮಾರು 10ನೇ ನಂಬರಿನ ನೂಲು. ಅದನ್ನು ಮಗ್ಗದ ಹಾಸಾಗಿ (ಉದ್ದದ ಎಳೆಯಾಗಿ) ಬಳಸಬೇಕಾದರೆ ಇಂಚಿಗೆ 12–13 ಸುತ್ತು ಹುರಿ ಬೇಕು.

ಪೂರ್ತಿ ಅರಳೆ ನೂಲಲು ಹೋಗಬೇಡಿ. ಒಂದು ಗಂಟೆ ನೂತು ಉದ್ದ ಅಳೆಯಿರಿ. ಸೆಂಟಿಮೀಟರಿಗೆ 16 ಹಾಸು, 16 ಹೊಕ್ಕು (ಅಡ್ಡ ಎಳೆ) ಇರುವ ಒಂದು ಚದರ ಮೀಟರ್ ಬಟ್ಟೆಗೆ ಕಡಿಮೆಯೆಂದರೂ 3,200 ಮೀಟರ್ ನೂಲು ಬೇಕು. ಅದನ್ನು ನಿಮ್ಮ ಗಂಟೆಯ ಉದ್ದದಿಂದ ಭಾಗಿಸಿದರೆ, ಒಬ್ಬ ನೇಕಾರನ ಹಿಂದೆ ನಾಲ್ಕಾರು ನೂಲುವವರು ಏಕೆ ಬೇಕಿತ್ತು ಎಂಬುದು ಅರ್ಥವಾಗುತ್ತದೆ. 1733ರಲ್ಲಿ ಜಾನ್ ಕೇ ಹಾರುವ ಲಾಳಿ ತಂದು ನೇಯ್ಗೆಯ ವೇಗ ಹೆಚ್ಚಿಸಿದಾಗ ನೂಲಿನ ಈ ಹಸಿವು ಇನ್ನೂ ಬೆಳೆಯಿತು.

ಹರ್ಗ್ರೀವ್ಸ್‌ನ ಜೆನ್ನಿ ಎಂಬ ನೂಲುವ ಯಂತ್ರ (1764ರ ಸುಮಾರು) ನಿಮ್ಮ ಎಡಗೈಯ ಎಳೆತವನ್ನು ಎಂಟು ಕದಿರುಗಳಿಗೆ ಒಟ್ಟಿಗೆ ಹಂಚಿತು. ಆರ್ಕ್‌ರೈಟ್‌ನ ಯಂತ್ರ (1769) ಆ ಕೈಯನ್ನೇ ಕಿತ್ತುಹಾಕಿ ಉರುಳೆ ಜೋಡಿಗಳನ್ನಿಟ್ಟಿತು: ಮುಂದಿನ ಜೋಡಿ ಹಿಂದಿನದಕ್ಕಿಂತ ವೇಗವಾಗಿ ತಿರುಗುವುದರಿಂದ ಎಳೆ ತೆಳುವಾಗುತ್ತದೆ. ಜೋಡಿಗಳ ಅಂತರ ಹತ್ತಿ ಎಳೆಯ ಉದ್ದಕ್ಕಿಂತ ಚೂರೇ ಹೆಚ್ಚಿರಬೇಕು. ಕಡಿಮೆಯಾದರೆ ಎಳೆ ಹರಿಯುತ್ತದೆ, ತೀರಾ ಹೆಚ್ಚಾದರೆ ಹಿಡಿತವಿಲ್ಲದೆ ತೇಲಿ ನೂಲು ದಪ್ಪ-ತೆಳು ಆಗುತ್ತದೆ. ಇದನ್ನು ಕೈಯಲ್ಲೇ ನೋಡಬಹುದು: ಹಂಜಿಯನ್ನು ಎರಡೂ ಕೈಯಲ್ಲಿ ಹತ್ತಿರ ಹಿಡಿದು ಎಳೆಯಿರಿ, ಜಗ್ಗುವುದಿಲ್ಲ. ಅಂತರ ಹೆಚ್ಚಿಸಿ, ಜಾರುತ್ತದೆ.

ಆ ಯಂತ್ರ ಮನೆಯ ಜಗಲಿಯಲ್ಲಿ ಓಡುವಂಥದ್ದಲ್ಲ, ನೀರಿನ ಚಕ್ರ ಬೇಕು. ಹಾಗಾಗಿ 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನ ಹೊಳೆದಂಡೆಗೆ ಗಿರಣಿ ಬಂತು, ಗಿರಣಿಯ ಸುತ್ತ ಊರು ಬಂತು, ಹರಿದ ಎಳೆ ಕೂಡಿಸಲು ಪುಟ್ಟ ಬೆರಳುಗಳ ಮಕ್ಕಳು ಬಂದರು. ಒಂಬತ್ತು ವರ್ಷದೊಳಗಿನವರನ್ನು ಹತ್ತಿ ಗಿರಣಿಯಿಂದ ಹೊರಗಿಡುವ ಕಾಯ್ದೆಗೆ ತಪಾಸಣಾಧಿಕಾರಿಗಳ ಬಲ ಸಿಕ್ಕದ್ದು 1833ರಲ್ಲಿ. ನಮ್ಮ ಗೋಕಾಕಿನ ಗಿರಣಿಯೂ ನಿಂತದ್ದು ಘಟಪ್ರಭೆಯ ಧುಮುಕುವ ನೀರಿನ ಪಕ್ಕದಲ್ಲೇ.

100 ಪೌಂಡ್ ಹತ್ತಿ ನೂಲಲು ಭಾರತದ ಕೈನೂಲಿಗೆ 50,000 ಗಂಟೆಗೂ ಹೆಚ್ಚು, ಕ್ರಾಂಪ್ಟನ್ನನ ಮ್ಯೂಲ್ ಎಂಬ ನೂಲುವ ಯಂತ್ರಕ್ಕೆ (1779) 2,000, 1825ರ ಸ್ವಯಂಚಾಲಿತ ಮ್ಯೂಲ್‌ಗೆ 135 ಗಂಟೆ ಎಂದು ಆರ್ಥಿಕ ಇತಿಹಾಸಕಾರರ ಅಂದಾಜು. ನಿಮ್ಮ ಗಂಟೆಯ ಲೆಕ್ಕವನ್ನು ಇದರ ಪಕ್ಕದಲ್ಲಿ ಬರೆದಿಡಿ. 1828ರಲ್ಲಿ ಬಂಗಾಳಿ ಪತ್ರಿಕೆಯೊಂದರಲ್ಲಿ, ನೂತು ಸಂಸಾರ ಸಾಗಿಸಿದ್ದ ವಿಧವೆಯೊಬ್ಬಳ ಪತ್ರ ಅಚ್ಚಾಯಿತು: ವಿಲಾಯಿತಿ ನೂಲು ಬಂದ ಮೇಲೆ ತನ್ನದನ್ನು ಕೇಳುವವರಿಲ್ಲ ಎಂದು. ನೇಕಾರರ ಪಾಡು ಅಷ್ಟು ನೇರವಲ್ಲ. ಹಲವರು ನೆಲೆ ಕಳೆದುಕೊಂಡರು, ಹಲವರು ಅದೇ ಗಿರಣಿ ನೂಲನ್ನು ಕುಣಿಮಗ್ಗಕ್ಕೆ ಏರಿಸಿ ಉಳಿದರು.

ಕೊನೆಯದಾಗಿ: ಗಿಡದಿಂದ ಬಿಡಿಸುವುದು

ಹತ್ತಿ ಹಂಗಾಮಿನಲ್ಲಿ ಹೊಲಕ್ಕೆ ಹೋಗಲು ಸಾಧ್ಯವಾದರೆ ಒಂದು ಗಂಟೆ ಹತ್ತಿ ಬಿಡಿಸಿ, ತೂಗಿ, ನಿಮ್ಮ ಪಟ್ಟಿಯ ಮೊದಲ ಸಾಲಿಗೆ ಬರೆಯಿರಿ. ಕೆಲಸದಲ್ಲಿ ಮೊದಲು ಬರುವ ಇದಕ್ಕೆ ಯಂತ್ರ ಬಂದದ್ದು ಎಲ್ಲಕ್ಕಿಂತ ಕೊನೆಗೆ. 1944ರಲ್ಲಿ ಮಿಸಿಸಿಪ್ಪಿಯ ಹಾಪ್ಸನ್ ತೋಟದಲ್ಲಿ ಬಿಡಿಸುವ ಯಂತ್ರಗಳನ್ನು ಜನರೆದುರು ಓಡಿಸಿ ತೋರಿಸಿದರು. ಮುಂದಿನ ಎರಡೂವರೆ ದಶಕದಲ್ಲಿ ಅಲ್ಲಿನ ಹೊಲಗಳಿಗೆ ಬಿಡಿಸುವ ಕೈಗಳು ಬೇಡವಾದವು. ಕರಿಯ ಕುಟುಂಬಗಳು ಉತ್ತರದ ಶಹರಗಳಿಗೆ ಹೊರಟದ್ದಕ್ಕೆ ಇದೂ ಒಂದು ಕಾರಣ. ಆ ಯಂತ್ರಕ್ಕೆ ಗಿಡಗಳು ಒಂದೇ ಎತ್ತರಕ್ಕಿರಬೇಕು, ಎಲೆ ಉದುರಿರಬೇಕು, ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೆ ಒಡೆದಿರಬೇಕು. ನಮ್ಮ ಹೊಲಗಳಲ್ಲಿ ಕಾಯಿ ಸರದಿಯ ಮೇಲೆ ಒಡೆಯುತ್ತದೆ, ಮೂರ್ನಾಲ್ಕು ಸಲ ಬಿಡಿಸಬೇಕು. ಆ ಸಾಲುಗಳಲ್ಲಿ ಉಡಿ ಕಟ್ಟಿಕೊಂಡು ನಡೆಯುವವರು ಇಂದಿಗೂ ಹೆಚ್ಚಾಗಿ ಹೆಣ್ಣುಮಕ್ಕಳೇ.