ಗೇಮ್ ಟ್ರೇಲರ್: ಮೊದಲು ಸಂಗೀತ ಕತ್ತರಿಸಿ, ಆಮೇಲೆ ದೃಶ್ಯ ಜೋಡಿಸಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜು ವಿದ್ಯಾರ್ಥಿಗಳು ತಾವೇ ಕಟ್ಟಿದ ವಿಡಿಯೊ ಗೇಮ್‌ಗಳ ಟ್ರೇಲರ್‌ಗಳನ್ನು ತೋರಿಸಲು ನನ್ನ ಬಳಿ ತರುವುದುಂಟು. ಗೇಮಿಗಾಗಿ ಅವರು ತಿಂಗಳುಗಟ್ಟಲೆ ದುಡಿದಿರುತ್ತಾರೆ; ಟ್ರೇಲರ್ ಮಾತ್ರ ಒಂದೇ ರಾತ್ರಿಯಲ್ಲಿ ಮುಗಿಸಿದ್ದು ಎಂಬುದು ಹತ್ತನೆಯ ಸೆಕೆಂಡಿಗೇ ತಿಳಿದುಹೋಗುತ್ತದೆ. ಮೆಚ್ಚಿನ ಹಾಡೊಂದನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತುಣುಕುಗಳನ್ನು ಜೋಡಿಸುವ ಟೈಮ್‌ಲೈನಿಗೆ ಹಾಕಿ, ಅದರ ಮೇಲೆ ದೃಶ್ಯಗಳನ್ನು ಸಾಲಾಗಿ ಸುರಿದು, ಒಂದು ನಿಮಿಷವಾಗುತ್ತಲೇ ದನಿಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿಬಿಡುತ್ತಾರೆ. ಸಂಗೀತವನ್ನೇ ಮೊದಲು ಟ್ರೇಲರಿನ ಅಳತೆಗೆ ಕತ್ತರಿಸಿ ಹೊಲಿಯಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಲೇಖನದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಗೇಮಿನ ನಡಿಗೆ ಎಣಿಸಿ

ಸಂಗೀತ ಹುಡುಕುವ ಮೊದಲು ನಿಮ್ಮ ಗೇಮನ್ನು ಹತ್ತು ನಿಮಿಷ ಆಡಿ, ಅದರ ಮುಖ್ಯ ಕ್ರಿಯೆ ನಿಮಿಷಕ್ಕೆ ಎಷ್ಟು ಸಲ ನಡೆಯುತ್ತದೆ ಎಂದು ಎಣಿಸಿರಿ. ಒಬ್ಬ ವಿದ್ಯಾರ್ಥಿ ಶರಾವತಿ ಹಿನ್ನೀರಿನಂಥ ಜಾಗದಲ್ಲಿ ತೆಪ್ಪ ನಡೆಸುವ ಗೇಮ್ ಮಾಡಿದ್ದ. ಅದರಲ್ಲಿ ಹುಟ್ಟು ಒಂದೂವರೆ ಸೆಕೆಂಡಿಗೊಮ್ಮೆ, ಎಂದರೆ ನಿಮಿಷಕ್ಕೆ 40 ಸಲ ನೀರಿಗೆ ಬೀಳುತ್ತಿತ್ತು. ಅವನು ಹಾಕಿದ್ದ ಸಂಗೀತದ ವೇಗವೋ ನಿಮಿಷಕ್ಕೆ 128 ಬೀಟ್, ಎಂದರೆ ತಾಳದ 128 ಪೆಟ್ಟು. ನೋಡಿದವರಿಗೆ ತೆಪ್ಪ ಸೋಮಾರಿಯಂತೆ ಕಂಡಿತು, ಸಂಗೀತ ಗದ್ದಲದಂತೆ ಕೇಳಿಸಿತು. ನಿಮಿಷಕ್ಕೆ 80 ಬೀಟ್‌ನ ಸಂಗೀತ ತಂದು, ಪ್ರತಿ ಎರಡು ಬೀಟಿಗೆ ಒಂದು ಹುಟ್ಟು ಬೀಳುವಂತೆ ಮಾಡಿದಾಗ ಅದೇ ದೃಶ್ಯಕ್ಕೆ ಜೀವ ಬಂತು. ಗೇಮಿನ ನಡಿಗೆಗೆ ಸಮ, ಇಮ್ಮಡಿ ಅಥವಾ ಅರ್ಧ ವೇಗದ ಸಂಗೀತವನ್ನು ಮಾತ್ರ ಆರಿಸಿಕೊಳ್ಳಿ. ಮಾತಿರುವ ಹಾಡು ಬೇಡ. ಸಾಹಿತ್ಯ ಕಿವಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಪರದೆಯ ಮೇಲಿನ ಬರಹವನ್ನು ಯಾರೂ ಓದುವುದಿಲ್ಲ.

ಹಕ್ಕಿನ ವಿಷಯದಲ್ಲಿ ಎಚ್ಚರ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕುಗಳಿವೆ. ಬರೆದವರ ಹಕ್ಕು ಅವರ ಮರಣದ ನಂತರವೂ 60 ವರ್ಷ ಉಳಿಯುತ್ತದೆ: 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳು 2054ರ ಕೊನೆಯವರೆಗೂ ಹಕ್ಕಿನ ರಕ್ಷಣೆಯಲ್ಲಿರುತ್ತವೆ. ಯಾರದೆಂದು ತಿಳಿಯದ ಜನಪದ ಹಾಡನ್ನು ನೀವೇ ನುಡಿಸಿ ಬಳಸಬಹುದು. ಆದರೆ ಅದೇ ಹಾಡನ್ನು ಇನ್ನೊಬ್ಬರು ಹಾಡಿದ ಮುದ್ರಿಕೆಯನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವಂತಿಲ್ಲ. ‘ರಾಯಲ್ಟಿ ಫ್ರೀ’ ಎಂದರೆ ಪುಕ್ಕಟೆ ಎಂದು ಅರ್ಥವಲ್ಲ, ಒಮ್ಮೆ ಹಣ ಕೊಟ್ಟರೆ ಮತ್ತೆ ಮತ್ತೆ ಕೊಡಬೇಕಾಗಿಲ್ಲ ಎಂದಷ್ಟೇ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಂಗೀತದಲ್ಲಿ ‘ನೋ ಡೆರಿವೇಟಿವ್ಸ್’ (ರೂಪಾಂತರ ಕೂಡದು) ಎಂಬ ಷರತ್ತಿದ್ದರೆ ಅದನ್ನು ಮುಟ್ಟಬೇಡಿ. ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸುವುದನ್ನೇ ಆ ಪರವಾನಗಿ ರೂಪಾಂತರ ಎಂದು ಪರಿಗಣಿಸುತ್ತದೆ.

ಊರಿನ ಚಂಡೆ, ಮದ್ದಳೆ, ಡೊಳ್ಳುಗಳನ್ನು ಮುದ್ರಿಸಿಕೊಂಡು ಬಳಸುವುದೇ ನನಗೆ ಹೆಚ್ಚು ಇಷ್ಟ. ನುಡಿಸುವವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಸಂಭಾವನೆ ಕೊಡಿ. ಆಷಾಢದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ; ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿಯಾಗಿ ತೆಗೆಯಲಾರದು. ದೀಪಾವಳಿ ಕಳೆಯುವವರೆಗೆ ಕಾಯುವುದು ಒಳ್ಳೆಯದು.

ಸಂಗೀತಕ್ಕೆ ಕತ್ತರಿ

ತಪ್ಪುಗಳೆಲ್ಲ ಆಗುವುದು ಈ ಹಂತದಲ್ಲಿ. 80 ಬೀಟ್ ವೇಗದಲ್ಲಿ ನಾಲ್ಕು ಬೀಟಿನ ಒಂದು ಆವರ್ತಕ್ಕೆ ಸರಿಯಾಗಿ 3 ಸೆಕೆಂಡ್ ಬೇಕು. 72 ಸೆಕೆಂಡಿನ ಟ್ರೇಲರಿಗೆ 24 ಆವರ್ತಗಳು ಸಿಗುತ್ತವೆ. ನಾನು ಅವನ್ನು ಹೀಗೆ ಹಂಚುತ್ತೇನೆ: ಆರಂಭಕ್ಕೆ 3, ಆಟದ ಪರಿಚಯಕ್ಕೆ 9, ಬಿಗಿ ಏರುವ ಭಾಗಕ್ಕೆ 8, ಸಂಗೀತ ಪೂರ್ತಿ ನಿಲ್ಲುವ ಮೌನಕ್ಕೆ 1, ಹೆಸರು ತೋರಿಸುವ ಮುಕ್ತಾಯಕ್ಕೆ 3. ನಾಲ್ಕು ನಿಮಿಷದ ಸಂಗೀತದಲ್ಲಿ ಈ ಐದು ಭಾಗಗಳು ಎಲ್ಲೆಲ್ಲಿವೆ ಎಂದು ಕೇಳಿ ಗುರುತು ಹಾಕಿಕೊಳ್ಳಿ.

ಈಗ ಕೊನೆಯಿಂದ ಕೆಲಸ ಶುರುಮಾಡಿ. ಸಂಗೀತಗಾರರೇ ಬರೆದ ಮುಕ್ತಾಯವನ್ನು, ಅದರ ಕೊನೆಯ ನಾದ ಆರುವವರೆಗೂ ಹಾಗೇ ತೆಗೆದುಕೊಂಡು ಟೈಮ್‌ಲೈನಿನ ತುದಿಯಲ್ಲಿಡಿ. ಮೊದಲಲ್ಲಿ ಆರಂಭವನ್ನಿಡಿ. ನಡುವಿನ ಭಾಗಗಳನ್ನು ಈ ಎರಡರ ನಡುವೆ ತಂದು ಬೆಸೆಯಿರಿ. ದನಿಯನ್ನು ಮೆಲ್ಲಗೆ ಇಳಿಸಿ ಮುಗಿಸುವ ಅಡ್ಡದಾರಿಯನ್ನು ದಯವಿಟ್ಟು ಬಿಟ್ಟುಬಿಡಿ. ಹಾಗೆ ಮುಗಿದ ಟ್ರೇಲರ್, ಮಾತಿನ ಮಧ್ಯೆ ಎದ್ದು ಹೋದವರಂತೆ ಕಾಣುತ್ತದೆ.

ಬೆಸುಗೆಯನ್ನು ಆವರ್ತದ ಮೊದಲ ಬೀಟಿನಲ್ಲಿ, ಪೆಟ್ಟು ಬೀಳುವುದಕ್ಕೆ ಕೂದಲೆಳೆಯಷ್ಟು ಮುಂಚೆ ಹಾಕಬೇಕು. ಸಾಫ್ಟ್‌ವೇರ್ ತೋರಿಸುವ ದನಿಯ ಅಲೆಯ ಚಿತ್ರವನ್ನು ಆದಷ್ಟು ಹಿಗ್ಗಿಸಿ ನೋಡಿದರೆ ಪೆಟ್ಟು ಏಳುವ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಎರಡು ತುಂಡುಗಳ ನಡುವೆ, ಒಂದರ ದನಿ ಇಳಿಯುತ್ತ ಇನ್ನೊಂದರದು ಏರುವ, ಸುಮಾರು 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಸಾಕು, ಮುಂದಿನ ಪೆಟ್ಟು ಬೆಸುಗೆಯ ಗುರುತನ್ನು ಮುಚ್ಚುತ್ತದೆ. ಕೊಳಲು ಅಥವಾ ಪಿಟೀಲಿನ ಉದ್ದ ಸ್ವರ ಎಳೆಯುತ್ತಿರುವ ಕಡೆ ಕತ್ತರಿ ಹಾಕಬೇಡಿ. ಹಾಕಲೇಬೇಕಾದರೆ ಆ ಸ್ವರದ ಬಾಲವನ್ನು ಇನ್ನೊಂದು ಟ್ರ್ಯಾಕಿನಲ್ಲಿ ಉಳಿಸಿ, ಹೊಸ ತುಂಡಿನ ಅಡಿಯಲ್ಲಿ ತಾನಾಗಿ ಆರಲು ಬಿಡಿ. ಸಂಗೀತ ಮಾಡಿಕೊಟ್ಟವರು ನಿಮ್ಮವರೇ ಆಗಿದ್ದರೆ, ಸ್ಟೆಮ್ ಎಂದು ಕರೆಯುವ ವಾದ್ಯವಾರು ಬೇರೆ ಬೇರೆ ಟ್ರ್ಯಾಕುಗಳನ್ನು ಕೇಳಿ ಪಡೆಯಿರಿ. ತಾಳವಾದ್ಯ ಒಂದು ಆವರ್ತ ಮೊದಲೇ ನಿಂತು ಕೊಳಲು ಮಾತ್ರ ಉಳಿಯುವಂಥ ಜಾಗಗಳನ್ನು ಆಗ ನೀವೇ ಕಟ್ಟಬಹುದು.

ನಮ್ಮ ತಾಳಗಳನ್ನು ಬಳಸುವವರು ಎಣಿಕೆಯಲ್ಲಿ ಎಡವುವುದನ್ನು ಬಹಳ ಸಲ ನೋಡಿದ್ದೇನೆ. ಮಿಶ್ರಛಾಪು ಮೂರು ಮತ್ತು ನಾಲ್ಕು ಸೇರಿ ಏಳು ಎಣಿಕೆಯ ತಾಳ. ಅದನ್ನು ನಾಲ್ಕು ನಾಲ್ಕಾಗಿ ಕತ್ತರಿಸಿದರೆ ಎರಡನೆಯ ಬೆಸುಗೆಗೇ ತಾಳ ಕುಂಟುತ್ತದೆ, ತಾಳಜ್ಞಾನ ಇಲ್ಲದ ನೋಡುಗನಿಗೂ ಎಲ್ಲೋ ಏನೋ ತಪ್ಪಿದೆ ಎನ್ನಿಸುತ್ತದೆ. ಯಕ್ಷಗಾನದ ಆಟದ ರಾತ್ರಿ ಮುದ್ರಿಸಿಕೊಂಡ ಚಂಡೆಯ ವೇಗವಂತೂ ಭಾವಕ್ಕೆ ತಕ್ಕಂತೆ ಏರುತ್ತಲೇ ಹೋಗುತ್ತದೆ. ಅಲ್ಲಿ ಸಾಫ್ಟ್‌ವೇರ್ ಹೇಳುವ ಬೀಟ್ ಸಂಖ್ಯೆಯನ್ನು ನಂಬದೆ, ಕೇಳುತ್ತಾ ಕೈಯಿಂದಲೇ ಪ್ರತಿ ಬೀಟಿಗೂ ಗುರುತು ಹಾಕಬೇಕು. ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನಲ್ಲಿ ಇದಕ್ಕೆ ಕೀಬೋರ್ಡಿನ ಎಂ ಕೀ ಒತ್ತಿದರೆ ಆಯಿತು; ಅದರ ಉಚಿತ ಆವೃತ್ತಿಯೇ ಈ ಕೆಲಸಕ್ಕೆ ಧಾರಾಳವಾಯಿತು. ರೆಡಿಮೇಡ್ ಟೆಂಪ್ಲೇಟಿನಲ್ಲಿ ದೃಶ್ಯ ತುಂಬಿಕೊಡುವ ಮೊಬೈಲ್ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಅವು ಎಲ್ಲ ಬೀಟಿಗೂ ಒಂದೊಂದು ಕಟ್ ಹಾಕಿ (ದೃಶ್ಯ ಬದಲಿಸಿ) ಗೇಮನ್ನೇ ಮರೆಮಾಡುತ್ತವೆ.

ಮುದ್ರಿಸುವಾಗ

ಗೇಮಿನೊಳಗಿನ ಸಂಗೀತವನ್ನು ಸೊನ್ನೆಗಿಳಿಸಿ, ಹುಟ್ಟಿನ ಸದ್ದು, ಹೆಜ್ಜೆ ಸಪ್ಪಳ ಮೊದಲಾದ ಪರಿಣಾಮಗಳನ್ನು ಮಾತ್ರ ಉಳಿಸಿಕೊಂಡು ಪರದೆಯ ಮೇಲಿನ ಆಟವನ್ನು ಸೆಕೆಂಡಿಗೆ 60 ಫ್ರೇಮಿನಂತೆ (ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ) ಮುದ್ರಿಸಿ. ಪರದೆಯನ್ನು ಮುದ್ರಿಸುವ ಒಬಿಎಸ್ ಸ್ಟುಡಿಯೊ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಂಕೆವಿ ಎಂಬ ಫೈಲ್ ರೂಪದಲ್ಲಿಯೇ ಉಳಿಸಿ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನ ಭಾಗ ಉಳಿದಿರುತ್ತದೆ, ಸಾಧಾರಣ ಎಂಪಿ4 ಆದರೆ ಇಡೀ ಫೈಲ್ ತೆರೆಯದಂತಾಗಬಹುದು.

ದೃಶ್ಯದ ಜೋಡಣೆ

ಮೊದಲ ಐದು ಸೆಕೆಂಡಿನೊಳಗೆ ಆಟ ಕಾಣಿಸಲಿ, ತಂಡದ ಲೋಗೊ ಕೊನೆಗೆ ಬರಲಿ. ಪರಿಚಯದ ಭಾಗದಲ್ಲಿ ಒಂದೊಂದು ದೃಶ್ಯಕ್ಕೂ ಒಂದು ಪೂರ್ತಿ ಆವರ್ತ ಕೊಡಿ, ಬಿಗಿ ಏರುವಾಗ ಅರ್ಧಕ್ಕೆ ಇಳಿಸಿ. ಕಟ್‌ಗಳಿಗಿಂತ ಕ್ರಿಯೆಗಳು ಬೀಟಿಗೆ ಬೀಳಬೇಕು: ಹುಟ್ಟು ನೀರಿಗೆ ತಾಗುವುದು, ಬಾಗಿಲು ಮುಚ್ಚುವುದು, ದೀಪ ಆರುವುದು. ಕಟ್ ಇದ್ದಲ್ಲೇ ಇರಲಿ, ಅದರೊಳಗಿನ ದೃಶ್ಯವನ್ನು ಮಾತ್ರ ಹಿಂದಕ್ಕೂ ಮುಂದಕ್ಕೂ ಜಾರಿಸುವ ‘ಸ್ಲಿಪ್’ ಸಾಧನವನ್ನು ಇದಕ್ಕಾಗಿ ಕಲಿತುಕೊಳ್ಳಿ. ಜಿಗಿತ ತೋರಿಸಿದರೆ ಇಳಿದದ್ದನ್ನೂ ತೋರಿಸಿ.

ಬೀಟೊಂದಕ್ಕೆ ಎಷ್ಟು ಫ್ರೇಮ್ ಎಂಬ ಲೆಕ್ಕ ಸುಲಭ: 60ನ್ನು ಸೆಕೆಂಡಿನ ಫ್ರೇಮುಗಳಿಂದ ಗುಣಿಸಿ, ಬೀಟ್ ವೇಗದಿಂದ ಭಾಗಿಸಿ. 80ರ ವೇಗಕ್ಕೆ ಬೀಟೊಂದಕ್ಕೆ 45 ಫ್ರೇಮ್ ಬರುತ್ತದೆ. 128ಕ್ಕೆ ಬರುವುದು 28.125, ಇದನ್ನು 28 ಎಂದು ಹಿಡಿದರೆ ಅರ್ಧ ನಿಮಿಷದಲ್ಲಿ 8 ಫ್ರೇಮ್ ಹಿಂದೆ ಮುಂದಾಗುತ್ತದೆ. ಹಾಗಾಗಿ ಎಣಿಕೆಗಿಂತ ಅಲೆಯ ಮೇಲಿನ ಗುರುತನ್ನೇ ನಂಬಿ.

ಕಟ್ಟನ್ನು ಬೀಟಿಗಿಂತ ಎರಡು ಫ್ರೇಮ್ ಮುಂಚೆ ಹಾಕಿ. ಗದ್ದೆಯಾಚೆ ಸುಮಾರು 170 ಮೀಟರ್ ದೂರದಲ್ಲಿ ಸೌದೆ ಒಡೆಯುವವನ ಕೊಡಲಿ ಬಿದ್ದು ಅರ್ಧ ಸೆಕೆಂಡಾದ ಮೇಲೆ ಸದ್ದು ನಮಗೆ ಕೇಳುತ್ತದೆ. ಕಂಡದ್ದು ಮೊದಲು, ಕೇಳಿದ್ದು ಆಮೇಲೆ ಎಂಬ ಕ್ರಮಕ್ಕೆ ನಮ್ಮ ಮನಸ್ಸು ಒಗ್ಗಿದೆ. ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಅಳತೆಯ ಪ್ರಕಾರವೂ ದನಿ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುಗರು ಗುರುತಿಸುತ್ತಾರೆ, ತಡವಾದರೆ ಸುಮಾರು 125ರವರೆಗೆ ಗುರುತಿಸುವುದಿಲ್ಲ. ಎರಡು ಫ್ರೇಮ್ ಎಂದರೆ 33 ಮಿಲಿಸೆಕೆಂಡ್, ಆ ಮಿತಿಯೊಳಗೇ ಇದೆ.

ಮೌನದ ಆ ಒಂದು ಆವರ್ತದಲ್ಲಿ ಗೇಮಿನ ಒಂದೇ ಒಂದು ಸದ್ದು ಇರಲಿ. ತೆಪ್ಪದ ಟ್ರೇಲರಿನಲ್ಲಿ ಹುಟ್ಟಿನಿಂದ ತೊಟ್ಟಿಕ್ಕುವ ನೀರನ್ನಷ್ಟೇ ಉಳಿಸಿದೆವು. ಅದನ್ನು ನೋಡಿದವರೆಲ್ಲ ಕೊನೆಗೆ ನೆನಪಿಟ್ಟುಕೊಂಡು ಹೇಳಿದ್ದು ಆ ಸದ್ದನ್ನೇ.

ಪರದೆಯ ಮೇಲಿನ ಬರಹ ಎರಡು ಸಲ ನಿಧಾನವಾಗಿ ಓದುವಷ್ಟು ಹೊತ್ತು ನಿಲ್ಲಬೇಕು. ಕನ್ನಡವನ್ನು ಯೂನಿಕೋಡ್ ಅಕ್ಷರದಲ್ಲೇ ಬರೆಯಿರಿ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಒತ್ತಕ್ಷರಗಳನ್ನು ಒಡೆದುಹಾಕುತ್ತವೆ. ಹಾಗಾದರೆ ಬರಹವನ್ನು ಬೇರೆ ಕಡೆ ಪಾರದರ್ಶಕ ಚಿತ್ರವಾಗಿ ಮಾಡಿ ತಂದು ಕೂರಿಸಿ.

ಕೊನೆಗೆ ಒಮ್ಮೆ ದನಿ ಮುಚ್ಚಿ ನೋಡಿ, ಒಮ್ಮೆ ಮೊಬೈಲಿನ ಸ್ಪೀಕರಿನಲ್ಲೇ ಕೇಳಿ. ಡೊಳ್ಳಿನ ತಗ್ಗುದನಿ ಚಿಕ್ಕ ಸ್ಪೀಕರಿನಲ್ಲಿ ಮಾಯವಾಗುವುದರಿಂದ, ಕೋಲಿನ ಪೆಟ್ಟಿನ ಸದ್ದನ್ನು ಸ್ವಲ್ಪ ಏರಿಸಬೇಕಾದೀತು. ಯೂಟ್ಯೂಬಿಗೆ ಮೊದಲು ಖಾಸಗಿಯಾಗಿ ಏರಿಸಿ, ಅಲ್ಲಿನ ಹಕ್ಕುಸ್ವಾಮ್ಯ ತಪಾಸಣೆ ಮುಗಿದು ಆಕ್ಷೇಪಣೆ ಇಲ್ಲವೆಂದು ಕಂಡ ಮೇಲೆಯೇ ಕೊಂಡಿಯನ್ನು ಹಂಚಿರಿ.