ಚಾಪೆ ಹಾಸುವ ಮೊದಲು

ಶಿರಸಿಯ ಮಳೆಗಾಲದಲ್ಲಿ ಜಗಲಿ ಬಿಟ್ಟು ಇಳಿಯಲಾಗದ ದಿನಗಳೇ ಹೆಚ್ಚು. ಯೋಗ ಶುರು ಮಾಡಲು ಒಳ್ಳೆಯ ಹೊತ್ತು. ಆದರೆ ಮೊಬೈಲ್ ನೋಡಿಕೊಂಡು ನೇರ ಶೀರ್ಷಾಸನಕ್ಕೆ ಕೈಹಾಕಬೇಡಿ. ಪತಂಜಲಿಯ 195 ಯೋಗಸೂತ್ರಗಳಲ್ಲಿ ಆಸನಕ್ಕೆ ಸಿಕ್ಕಿದ್ದು ಮೂರೇ ಮೂರು. ಮಿಕ್ಕದ್ದು ಬಹುಪಾಲು ಚಿತ್ತದ ವ್ಯವಹಾರ.

ಈ ಯೋಗದ ತಳಪಾಯ ಸಾಂಖ್ಯದರ್ಶನದ್ದು, ಅದೂ ನಮ್ಮ ಹಳೆಯ ದರ್ಶನಗಳಲ್ಲಿ ಒಂದು. ಒಳಗಿದ್ದು ನೋಡುವ ಅರಿವು ಪುರುಷ. ದೇಹ, ಮನಸ್ಸು, ಬುದ್ಧಿ ಎಲ್ಲವೂ ಪ್ರಕೃತಿ. ಅಡಿಕೆ ದರ ಬಿದ್ದರೆ ಕುಸಿಯುವುದು ಮನಸ್ಸು. ನಾವು ಮಾತ್ರ 'ನಾನೇ ಕುಸಿದೆ' ಎನ್ನುತ್ತೇವೆ. ಈ ಬೆರಕೆಗೆ ಅಸ್ಮಿತೆ ಎಂದು ಹೆಸರು, ಅದರ ಬೇರು ಅವಿದ್ಯೆ, ಅಂದರೆ ತಪ್ಪು ತಿಳಿವು. ಬೆರಕೆಯನ್ನು ಬಿಡಿಸಲು ಎಂಟು ಅಂಗಗಳು.

ಮೊದಲಿನವು ಯಮ ಮತ್ತು ನಿಯಮ. ಯಮ ಐದು: ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಡದಿರುವುದು). ನಿಯಮವೂ ಐದು: ಶೌಚ (ಶುಚಿತ್ವ), ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ (ದೇವರಿಗೆ ಒಪ್ಪಿಸಿಕೊಳ್ಳುವುದು). ಹತ್ತನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ವಾರ ಸತ್ಯವನ್ನಷ್ಟೇ ಪಾಲಿಸಿ ನೋಡಿ: ಫೋನಿನಲ್ಲಿ 'ಹೊರಟೇಬಿಟ್ಟೆ' ಎನ್ನುವಾಗ ಕಾಲಿಗೆ ಚಪ್ಪಲಿ ಇರಬೇಕು.

ನಂತರ ಆಸನ. ನೆಲ ಥಂಡಿ, ಮಣೆಯ ಮೇಲೆ ಕಂಬಳಿ ಮಡಚಿ ಹಾಕಿ. ಪದ್ಮಾಸನವೇ ಆಗಬೇಕೆಂದಿಲ್ಲ, ಸುಖವಾಗಿ, ಅಲುಗಾಡದೆ ಕೂರಲು ಬಂದರೆ ಸಾಕು. ಕೂತದ್ದು ನೆಲೆಯಾದ ಮೇಲೆ ಪ್ರಾಣಾಯಾಮ. ಹೊಸಬರು ಉಸಿರನ್ನು ನಿಧಾನವಾಗಿ ಬಿಡುವುದನ್ನಷ್ಟೇ ಕಲಿಯಲಿ. ಉಸಿರು ಕಟ್ಟುವ ಅಭ್ಯಾಸ ಗುರುಗಳ ಎದುರಿಗೇ ಆಗಬೇಕು.

ಐದನೆಯದು ಪ್ರತ್ಯಾಹಾರ, ಅಂದರೆ ಇಂದ್ರಿಯಗಳನ್ನು ಒಳಕ್ಕೆ ತಿರುಗಿಸುವುದು. ಕಣ್ಣು, ಕಿವಿಗಳನ್ನು ಒಂದೊಂದಾಗಿ ಅದುಮಿ ಹಿಡಿಯುವ ಸಾಹಸ ಇದಲ್ಲ. ಯೋಗಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಇಲ್ಲಿ ಜೇನಿನ ಉಪಮೆ ಕೊಡುತ್ತದೆ: ಜೇನುಗಳ ರಾಜ ಹಾರಿದರೆ ಹಿಂಡೂ ಹಾರುತ್ತದೆ, ಅವನು ಕೂತರೆ ಅದೂ ಕೂರುತ್ತದೆ. ರಾಜನಲ್ಲ, ರಾಣಿ ಎಂದು ನಮ್ಮ ಜೇನು ಸಾಕುವವರು ತಿದ್ದಿಯಾರು. ತುಡುವೆ ಜೇನು ಹಿಡಿಯುವಾಗ ಅವರು ಸಾವಿರಾರು ಹುಳುಗಳ ಹಿಂದೆ ಓಡುವುದಿಲ್ಲ. ರಾಣಿಯನ್ನು ಹುಡುಕಿ ಪೆಟ್ಟಿಗೆಗೆ ಬಿಡುತ್ತಾರೆ. ಉಳಿದವು ತಾವಾಗಿ ಒಳಸೇರುತ್ತವೆ. ಇಂದ್ರಿಯಗಳು ಹಿಂಡು, ಚಿತ್ತವೇ ರಾಣಿ. ನೀವೂ ಚಿತ್ತವನ್ನು ಉಸಿರಿನ ಮೇಲೆ ಕೂರಿಸಿ. ಒಗ್ಗರಣೆಯ ವಾಸನೆ ಬಂದರೆ ಬರಲಿ.

ಚಿತ್ತ ಒಂದೆಡೆ ನಿಂತರೆ ಧಾರಣೆ. ಅದು ಸೂರಿನ ಹನಿಯಂತೆ ತೊಟ್ಟಿಕ್ಕದೆ ಎಣ್ಣೆಯ ಧಾರೆಯಂತೆ ಹರಿದರೆ ಧ್ಯಾನ. ನೋಡುತ್ತಿದ್ದೇನೆ ಎಂಬುದೂ ಕರಗಿ ವಸ್ತುವೊಂದೇ ಬೆಳಗಿದರೆ ಸಮಾಧಿ. ಅದನ್ನು ಪುರವಣಿಯ ಅಂಕಣದಲ್ಲಿ ಕಲಿಸಲಾಗದು.

ಸದ್ಯಕ್ಕೆ ಹತ್ತು ನಿಮಿಷ ಸಾಕು. ಕಾಲು ಜೋಮು ಹಿಡಿದರೆ ಎದ್ದುಬಿಡಿ. ನಾಳೆ ಮತ್ತೆ ಅದೇ ಮಣೆ, ಅದೇ ಹೊತ್ತು.