ಸಿಯಾಟಲ್‌ನಲ್ಲಿ ಮನೆ ಕೊಳ್ಳುವ ಮೊದಲು ಆ ಬೀದಿಯ ಪರ್ಮಿಟ್ ಓದಿ: ಕೊಡಗಿನವರಿಗೊಂದು ಕೈಪಿಡಿ

ಅಮೆರಿಕದ ಸಿಯಾಟಲ್ ನಗರ ಕೊಡುವ ಕಟ್ಟಡದ ಪರ್ಮಿಟ್‌ಗಳ ಲೆಕ್ಕ ಯಾರು ಬೇಕಾದರೂ ನೋಡುವ ಹಾಗಿದೆ. ಯಾವ ಜಾಗ, ಏನು ಕೆಲಸ, ಅರ್ಜಿ ಯಾವಾಗ ಬಿತ್ತು, ಪರ್ಮಿಟ್ ಯಾವಾಗ ಸಿಕ್ಕಿತು, ಕೆಲಸ ಮುಗಿಯಿತೋ ಇಲ್ಲವೋ ಎಲ್ಲವೂ ನಗರದ ವೆಬ್‌ಸೈಟಿನಲ್ಲಿದೆ. ಮಡಿಕೇರಿಯಲ್ಲಿ ಕೂತುಕೊಂಡೇ ನೋಡಬಹುದು. ಯಾರ ಪರಿಚಯವೂ ಬೇಡ, ದುಡ್ಡೂ ಬೇಡ. ಆದರೆ ಅಲ್ಲಿಗೆ ಹೋದ ನಮ್ಮ ಮಕ್ಕಳು ಮನೆ ಕೊಳ್ಳುವಾಗ ನೋಡುವುದು ಅಡುಗೆಮನೆ, ಶಾಲೆ, ಆಫೀಸು ಎಷ್ಟು ದೂರ, ಇಷ್ಟೇ. ಪಕ್ಕದ ಜಾಗದಲ್ಲಿ ಮುಂದಿನ ವರ್ಷ ಏನು ಏಳಲಿದೆ ಅಂತ ಯಾರೂ ನೋಡುವುದಿಲ್ಲ.

ನಾನು ಅಲ್ಲಿ ಮನೆಗಳ ನಕ್ಷೆ ಬರೆದು ಪರ್ಮಿಟ್‌ಗೆ ಹಾಕುವ ಕೆಲಸ ಮಾಡಿದವಳು. ಈಗ ಸೋಮವಾರಪೇಟೆಯಲ್ಲಿದ್ದೇನೆ. ಗೋಣಿಕೊಪ್ಪದ ಮದುವೆ ಮನೆಯಲ್ಲಿ ಆಗಲಿ, ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಆಗಲಿ, ಜನ ಕೇಳುವ ಪ್ರಶ್ನೆ ಒಂದೇ ಥರ. "ಅಕ್ಕ, ಮಗಳು ಸಿಯಾಟಲ್‌ನಲ್ಲಿ ಮನೆ ನೋಡಿದ್ದಾಳೆ. ಹಿತ್ತಲಲ್ಲಿ ನಮಗೆ ಅಂತ ಚಿಕ್ಕದೊಂದು ಮನೆ ಕಟ್ಟಿಸ್ತಾಳಂತೆ. ಆಗುತ್ತಾ?" ಆಗುತ್ತದೆ. ಆದರೆ ಯಾವ ಜಾಗದಲ್ಲಿ ಅನ್ನುವುದು ಮುಖ್ಯ. ತೋಟದ ದುಡ್ಡು ಕಳಿಸುವ ಅಪ್ಪ ಅಮ್ಮಂದಿರೂ ಇದನ್ನು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. "ಸಿಯಾಟಲ್" ಅಂತ ನಾವು ಹೇಳುವ ಜಾಗದಲ್ಲಿ ಎಷ್ಟೋ ಸಲ ಇರುವುದು ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್ ಅಥವಾ ಬಾಥೆಲ್. ಅವೆಲ್ಲ ಬೇರೆ ಬೇರೆ ನಗರಗಳು. ಅವಕ್ಕೆ ಅವುಗಳದ್ದೇ ಪರ್ಮಿಟ್ ಕಚೇರಿ, ಅವುಗಳದ್ದೇ ನಿಯಮ. ನಾನು ಇಲ್ಲಿ ಹೇಳುವುದು ಸಿಯಾಟಲ್ ನಗರದ ಗಡಿಯೊಳಗಿನ ಮಾತು. ಅಲ್ಲಿ ಈ ಕೆಲಸ ನೋಡುವ ಇಲಾಖೆಯನ್ನು ಎಲ್ಲರೂ ಎಸ್‌ಡಿಸಿಐ ಅಂತಲೇ ಕರೆಯುತ್ತಾರೆ.

ನಮ್ಮಲ್ಲಿ ಮನೆ ಕಟ್ಟಬೇಕಾದರೆ ಮೊದಲ ಚಿಂತೆ ಭೂ ಪರಿವರ್ತನೆ, ಅಲ್ವಾ? ಪಹಣಿ, ಜಮ್ಮಾ ಬಾಣೆಯಾದರೆ ಅದರ ತಲೆನೋವು, ಆಮೇಲೆ ಪಂಚಾಯ್ತಿ ಲೈಸೆನ್ಸು. ಅಲ್ಲಿ ಆ ಮೊದಲ ಮೆಟ್ಟಿಲೇ ಇಲ್ಲ. ಪ್ರತಿ ಜಾಗಕ್ಕೂ ಒಂದು ಝೋನ್ ಮೊದಲೇ ಗೊತ್ತಾಗಿರುತ್ತದೆ. ಎಷ್ಟು ಎತ್ತರ, ಎಷ್ಟು ಮನೆ, ಬೇಲಿಯಿಂದ ಎಷ್ಟು ಅಡಿ ಬಿಡಬೇಕು ಎಲ್ಲವೂ ಅದರಲ್ಲೇ ಬಂತು. ನಿಯಮದೊಳಗೆ ಇದ್ದರೆ ಪರ್ಮಿಟ್ ಕೊಡಲೇಬೇಕು. ಪಕ್ಕದ ಮನೆಯವರಿಗೆ ಇಷ್ಟವಿಲ್ಲ ಅನ್ನುವ ಒಂದೇ ಕಾರಣಕ್ಕೆ ನಿಲ್ಲಿಸುವ ಹಾಗಿಲ್ಲ.

ಪರ್ಮಿಟ್ ನಂಬರಿನ ಕೊನೆಯಲ್ಲಿ ಎರಡು ಅಕ್ಷರ ಇರುತ್ತವೆ. ಎಲ್‌ಯು ಅಂದರೆ ಜಾಗದ ಬಳಕೆಯ ಅರ್ಜಿ. ಸಿಎನ್ ಅಂದರೆ ಕಟ್ಟುವ ಪರ್ಮಿಟ್. ಡಿಎಮ್ ಅಂದರೆ ಕೆಡವುವ ಪರ್ಮಿಟ್. ನೀವು ನೋಡಿದ ಮನೆಯ ಪಕ್ಕದ ವಿಳಾಸಕ್ಕೆ ಡಿಎಮ್ ಒಂದು, ಸಿಎನ್ ಎರಡು ಮೂರು ಕಂಡರೆ ಅರ್ಥ ಸರಳ: ಹಳೇ ಮನೆ ಹೋಗುತ್ತದೆ, ಆ ಜಾಗದಲ್ಲಿ ಹಲವು ಮನೆ ಬರುತ್ತವೆ. ಪ್ರತಿ ಸಾಲಿನಲ್ಲೂ ಕೆಲಸದ ವಿವರ, ಹೊಸದಾಗಿ ಸೇರುವ ಮನೆ ಎಷ್ಟು, ಕಳೆಯುವ ಮನೆ ಎಷ್ಟು, ಅಂದಾಜು ಖರ್ಚು, ಅರ್ಜಿಯ ತಾರೀಕು, ಕೊಟ್ಟ ತಾರೀಕು, ಮುಗಿದ ತಾರೀಕು, ಗುತ್ತಿಗೆದಾರನ ಹೆಸರು ಇಷ್ಟೂ ಇರುತ್ತವೆ. ಅಂದಾಜು ಖರ್ಚನ್ನು ನೋಡಿ "ಅಲ್ಲಿ ಮನೆ ಇಷ್ಟಕ್ಕೇ ಆಗುತ್ತೆ" ಅಂತ ಲೆಕ್ಕ ಹಾಕಬೇಡಿ. ಅದು ಪರ್ಮಿಟ್ ಶುಲ್ಕ ಎಷ್ಟು ಅಂತ ಲೆಕ್ಕ ಹಾಕಲು ಹಿಡಿಯುವ ಮೊತ್ತ. ಜಾಗದ ಬೆಲೆ ಅದರಲ್ಲಿಲ್ಲ.

ಅಂಕಿ ಏರಿಳಿದರೆ ಏನರ್ಥ

ಈ ಲೆಕ್ಕವನ್ನು ವರ್ಷವರ್ಷವಾಗಿ ಜೋಡಿಸಿ ನೋಡಿದರೆ ನಗರ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಆದರೆ ಸುಮ್ನೆ ಎಣಿಸಿದರೆ ಮೋಸ ಹೋಗುತ್ತೀರಿ.

ಯಾವ ದಿನ ಪೂರ್ತಿ ಅರ್ಜಿ ಕೊಟ್ಟಿರಿ, ಆ ದಿನದ ನಿಯಮವೇ ನಿಮಗೆ ಅನ್ವಯ. ಇದು ವಾಷಿಂಗ್ಟನ್ ರಾಜ್ಯದಲ್ಲಿ ತುಂಬ ಗಟ್ಟಿಯಾದ ಹಕ್ಕು. ಹಾಗಾಗಿ ಬಿಗಿಯಾದ ಹೊಸ ನಿಯಮ ಬರುತ್ತದೆ ಅಂತ ಗೊತ್ತಾದ ಕೂಡಲೇ ಬಿಲ್ಡರ್‌ಗಳು ಅರ್ಜಿ ಸುರಿಯುತ್ತಾರೆ. 2019ರಲ್ಲಿ ಹಾಗೇ ಆಯಿತು. ಆ ವರ್ಷ ನಗರದ ಹಲವು ಕಡೆ ಹೆಚ್ಚು ಎತ್ತರಕ್ಕೆ ಕಟ್ಟಲು ಬಿಟ್ಟರು. ಬದಲಿಗೆ ಬಿಲ್ಡರ್‌ಗಳು ಕಡಿಮೆ ಆದಾಯದವರಿಗೆ ಕೆಲವು ಮನೆ ಕೊಡಬೇಕು, ಇಲ್ಲವೇ ಅದಕ್ಕೆ ದುಡ್ಡು ಕಟ್ಟಬೇಕು ಅಂತ ಮಾಡಿದರು. ಎಂಎಚ್‌ಎ ಅಂತ ಅದರ ಹೆಸರು. ಅದು ಜಾರಿಗೆ ಬರುವ ಮುಂಚೆ ಅರ್ಜಿಗಳ ರಾಶಿ ಬಿತ್ತು. ಆಮೇಲೆ ಸಾಲುಮನೆಗಳ ಅರ್ಜಿ ಕುಸಿಯಿತು. ಗ್ರಾಫಿನಲ್ಲಿ ಅಂಥ ಏರಿಕೆ ಕಂಡರೆ ಜನರಿಗೆ ಮನೆ ಬೇಕಾಯಿತು ಅಂತ ಮಾತ್ರ ಓದಬೇಡಿ. ಆ ವರ್ಷ ಯಾವ ನಿಯಮ ಬದಲಾಯಿತು ಅಂತಲೂ ಹುಡುಕಿ.

ಅರ್ಜಿಗೂ ಮನೆಗೂ ನಡುವೆ ತುಂಬ ಕಾಲ ಇದೆ. 2022ರಿಂದ ಅಮೆರಿಕದಲ್ಲಿ ಸಾಲದ ಬಡ್ಡಿ ಏರಿತು, ದೊಡ್ಡ ಅಪಾರ್ಟ್‌ಮೆಂಟ್‌ಗಳ ಹೊಸ ಅರ್ಜಿ ಕಡಿಮೆಯಾಯಿತು. ಆದರೂ ಊರ ತುಂಬ ಕ್ರೇನ್‌ಗಳು ನಿಂತಿದ್ದವು. ಅವು ಹಿಂದಿನ ವರ್ಷಗಳಲ್ಲಿ ಕೊಟ್ಟ ಪರ್ಮಿಟ್‌ಗಳ ಕೆಲಸ. ಇವತ್ತಿನ ಅರ್ಜಿ ಕಡಿಮೆಯಾದರೆ ಎರಡು ಮೂರು ವರ್ಷ ಬಿಟ್ಟು ಹೊಸ ಮನೆ ಕಡಿಮೆಯಾಗುತ್ತದೆ. ಬಾಡಿಗೆಗೆ ಇರುವವರಿಗೂ ಇದು ಬೇಕಾದ ಮಾಹಿತಿ.

ನಮ್ಮವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಹಿತ್ತಲ ಮನೆಗಳ ಲೆಕ್ಕ. ಮನೆಗೆ ಅಂಟಿದ ಅಥವಾ ಕೆಳಗಿನ ಅಂತಸ್ತಿನ ಸಣ್ಣ ಮನೆಯನ್ನು ಎಎಡಿಯು ಅನ್ನುತ್ತಾರೆ, ಹಿತ್ತಲಲ್ಲಿ ಬಿಡಿಯಾಗಿ ನಿಂತದ್ದನ್ನು ಡಿಎಡಿಯು. 2019ರ ಬೇಸಿಗೆಯಲ್ಲಿ ನಗರ ಸಭೆ ಇದರ ನಿಯಮ ಸಡಿಲಿಸಿತು. ಒಂದು ಜಾಗದಲ್ಲಿ ಅಂಥವು ಎರಡು ಇರಬಹುದು, 1,000 ಚದರ ಅಡಿವರೆಗೆ ಕಟ್ಟಬಹುದು, ಮಾಲೀಕರು ಅಲ್ಲೇ ಇರಲೇಬೇಕೆಂದಿಲ್ಲ, ಕಾರಿಗೆ ಬೇರೆ ಜಾಗ ತೋರಿಸಬೇಕಿಲ್ಲ. ಮುಂದಿನ ಮೂರು ವರ್ಷದಲ್ಲಿ ಪರ್ಮಿಟ್‌ಗಳು ಮೂರು ಪಟ್ಟು ಏರಿದವು. 2020ರಲ್ಲಿ ನಗರವೇ ಒಪ್ಪಿಟ್ಟ ನಕ್ಷೆಗಳನ್ನೂ ಹೊರತಂದಿತು. ಅವುಗಳಲ್ಲಿ ಒಂದನ್ನು ಆರಿಸಿದರೆ ಪರಿಶೀಲನೆ ಬೇಗ ಮುಗಿಯುತ್ತದೆ. ಅಪ್ಪ ಅಮ್ಮನಿಗಾಗಿ ಕಟ್ಟುವವರು ಮೊದಲು ಆ ನಕ್ಷೆಗಳನ್ನು ನೋಡಲಿ.

ಆದರೆ ಆ ಲೆಕ್ಕದಲ್ಲಿ ಬರುವ ಹಿತ್ತಲ ಮನೆಗಳೆಲ್ಲ ಅಜ್ಜ ಅಜ್ಜಿಗೆ ಕಟ್ಟಿದ್ದಲ್ಲ. ಕೆಲಸದ ವಿವರ ಓದಿ. ಇರುವ ಮನೆ ಕೆಡವಿ, ಒಂದು ದೊಡ್ಡ ಮನೆ, ಅದಕ್ಕಂಟಿದ ಒಂದು, ಹಿಂದೆ ಬಿಡಿ ಒಂದು ಅಂತ ಇದ್ದರೆ ಅದು ಬಿಲ್ಡರ್ ಕೆಲಸ. ಮೂರನ್ನೂ ಕಾಂಡೊ ಮಾಡಿ, ಅಂದರೆ ಮನೆ ಅವರವರದ್ದು, ಜಾಗ ಎಲ್ಲರಿಗೂ ಸೇರಿದ್ದು ಅನ್ನುವ ಹಾಗೆ ಮಾಡಿ, ಮೂವರಿಗೆ ಮಾರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಕೈಗೆಟಕುವ ಮನೆ ಅದೇ. ಕೊಳ್ಳುವಾಗ ಅಂಗಳ, ದಾರಿ, ಚರಂಡಿ ಪೈಪು ಯಾರ ಪಾಲಿಗೆ ಅನ್ನುವ ಕಾಗದವನ್ನು ಪೂರ್ತಿ ಓದಬೇಕು, ಅಷ್ಟೇ.

2025ರ ಜೂನ್ 30ರಿಂದ ಇನ್ನೊಂದು ದೊಡ್ಡ ಬದಲಾವಣೆ ಬಂದಿದೆ. ರಾಜ್ಯದ 2023ರ ಕಾನೂನಿನಂತೆ, ಮೊದಲು ಒಂಟಿಮನೆಗೆ ಮೀಸಲಾಗಿದ್ದ ಜಾಗದಲ್ಲಿ ಈಗ ನಾಲ್ಕು ಮನೆ ಕಟ್ಟಬಹುದು. ದೊಡ್ಡ ಸಾರಿಗೆ ನಿಲ್ದಾಣದ ಹತ್ತಿರವಾದರೆ, ಇಲ್ಲವೇ ಎರಡನ್ನು ಕಡಿಮೆ ಆದಾಯದವರಿಗೆ ಇಟ್ಟರೆ ಆರು. "ಇದು ಒಂಟಿಮನೆಗಳ ಶಾಂತ ಬೀದಿ" ಅಂತ ಏಜೆಂಟ್ ಹೇಳಿದರೆ, ಇವತ್ತಿಗೆ ಅದು ನಿಜವಿರಬಹುದು. ಹತ್ತು ವರ್ಷದ ಮಾತು ಯಾರೂ ಕೊಡಲಾರರು. ಮೆಟ್ರೊದಂಥ ಲೈಟ್ ರೈಲು ಹೋದ ಕಡೆ ಕಟ್ಟಡ ಹೋಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಯು ಡಿಸ್ಟ್ರಿಕ್ಟ್, ರೂಸ್‌ವೆಲ್ಟ್, ನಾರ್ತ್‌ಗೇಟ್ ನಿಲ್ದಾಣಗಳು ತೆರೆದವು. ಆ ಸುತ್ತಿನ ಬೀದಿಗಳ ಪರ್ಮಿಟ್ ಓದಿದರೆ ಒಂದು ನಿಲ್ದಾಣ ಒಂದು ಊರನ್ನು ಹೇಗೆ ಬದಲಿಸುತ್ತದೆ ಅಂತ ಕಣ್ಣಿಗೆ ಕಟ್ಟುತ್ತದೆ.

ಇಳಿಜಾರು ನೋಡದೆ ಮುಂಗಡ ಕೊಡಬೇಡಿ

ಇದನ್ನು ಕೊಡಗಿನವರಿಗೆ ನಾನು ಕೈ ಮುಗಿದು ಹೇಳುತ್ತೇನೆ. ಸಿಯಾಟಲ್ ಗುಡ್ಡಗಳ ಊರು. ಗುಡ್ಡದ ಅಂಚಿನ ಮನೆಯಿಂದ ಸಮುದ್ರ ಕಾಣುತ್ತದೆ, ಹಿಮದ ಬೆಟ್ಟ ಕಾಣುತ್ತದೆ. ನಮ್ಮವರಿಗೆ ಊರಿನ ನೆನಪಾಗಿ ಮನಸ್ಸು ಅಲ್ಲೇ ನಿಲ್ಲುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಮಗೆ ಹೇಳಿಕೊಡಬೇಕಿಲ್ಲ. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ಮಳೆ ಜಾಸ್ತಿ ಬಂದದ್ದು ಹೌದು. ಆದರೆ ಮನೆಗೆ, ರಸ್ತೆಗೆ ಅಂತ ಗುಡ್ಡದ ಬರೆ ಕಡಿದು, ನೀರು ಹೋಗಲು ದಾರಿ ಬಿಡದೆ ಇದ್ದದ್ದೂ ಕಾರಣ ಅಂತ ಬಂದು ನೋಡಿದ ಭೂವಿಜ್ಞಾನಿಗಳು ಹೇಳಿದರು. ಸಿಯಾಟಲ್‌ನಲ್ಲಿ ಮಳೆ ನಮ್ಮ ಲೆಕ್ಕದಲ್ಲಿ ಏನೂ ಅಲ್ಲ. ವರ್ಷಕ್ಕೆ 1,000 ಮಿಲಿಮೀಟರಿನ ಆಸುಪಾಸು. ಮಡಿಕೇರಿಯಲ್ಲಿ ಅದರ ಮೂರು ಪಟ್ಟು ಬೀಳುತ್ತದೆ. ಕಕ್ಕಡದ ಹಾಗೆ ಹೊಡೆಯುವ ಮಳೆಯೂ ಅಲ್ಲ, ಚಳಿಗಾಲದುದ್ದಕ್ಕೂ ಜಿನುಗುತ್ತಲೇ ಇರುತ್ತದೆ. ಆದರೂ 1996-97ರ ಚಳಿಗಾಲದಲ್ಲಿ ಮ್ಯಾಗ್ನೋಲಿಯಾ ಗುಡ್ಡದ ಪರ್ಕಿನ್ಸ್ ಲೇನ್‌ನಲ್ಲಿ ಮನೆಗಳು ಜಾರಿ ಹೋದವು. ನಗರದಿಂದ ಈಶಾನ್ಯಕ್ಕೆ ಇರುವ ಓಸೊದಲ್ಲಿ 2014ರ ಮಾರ್ಚ್ 22ರಂದು ಗುಡ್ಡ ಕುಸಿದು 43 ಜನ ತೀರಿಕೊಂಡರು.

ಹಾಗಾಗಿ ನಗರ ಇಂಥ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಟ್ಟಿದೆ. ಇಸಿಎ ಅಂತ ಅದರ ಹೆಸರು. ಕನಿಷ್ಠ ಹತ್ತು ಅಡಿ ಎತ್ತರದ ಏರು, ನೂರು ಅಡಿಗೆ ನಲವತ್ತು ಅಡಿಯಂತೆ ಏರಿದರೆ ಅದು ಕಡಿದಾದ ಇಳಿಜಾರು. ಅಲ್ಲಿ ಕಟ್ಟುವುದಕ್ಕೆ ತುಂಬ ತಡೆ ಇದೆ. ಮಣ್ಣಿನ ಎಂಜಿನಿಯರ್ ವರದಿ ಬೇಕು. ಕುಸಿಯಬಹುದಾದ ಜಾಗವಾದರೆ, ಅಪಾಯ ಗೊತ್ತಿದ್ದೇ ಕಟ್ಟುತ್ತಿದ್ದೇನೆ ಅಂತ ಮಾಲೀಕರು ಬರೆದುಕೊಟ್ಟ ಕಾಗದವನ್ನು ಸಿಯಾಟಲ್ ಇರುವ ಜಿಲ್ಲೆಯಾದ ಕಿಂಗ್ ಕೌಂಟಿಯ ದಾಖಲೆಗೆ ಸೇರಿಸುತ್ತಾರೆ. ಆ ಕಾಗದ ಜಾಗದ ಜೊತೆಗೇ ಮುಂದಿನವರಿಗೂ ಹೋಗುತ್ತದೆ. ನೀವು ಕೊಳ್ಳುವ ಮನೆಗೆ ಅದಿದೆಯೇ ಅಂತ ಮಾಲೀಕತ್ವದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿಯವರನ್ನು ಕೇಳಿ. ಇನ್ನೊಂದು ಮಾತು: ಅಲ್ಲಿನ ಮಾಮೂಲಿ ಮನೆ ವಿಮೆ ಗುಡ್ಡ ಜಾರಿದರೆ ದುಡ್ಡು ಕೊಡುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಮಾಡಿಸಬೇಕು.

ಇಂಥ ಜಾಗದಲ್ಲಿ ಅಕ್ಟೋಬರ್ 31ರಿಂದ ಏಪ್ರಿಲ್ 1ರವರೆಗೆ ವಿಶೇಷ ಅನುಮತಿ ಇಲ್ಲದೆ ಮಣ್ಣು ಅಗೆಯುವ ಹಾಗಿಲ್ಲ. ಮಳೆಗಾಲದಲ್ಲಿ ಗುಡ್ಡಕ್ಕೆ ಜೆಸಿಬಿ ಹಾಕಬಾರದು ಅನ್ನುವ ಈ ಒಂದು ನಿಯಮ ನಮ್ಮ ಊರಿನಲ್ಲಿ ಇದೇ ಬಿಗಿಯಲ್ಲಿ ನಡೆದಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಹಿತ್ತಲ ಮನೆ ಕಟ್ಟುವವರು ಈ ತಾರೀಕಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಪಾಯ ತೆಗೆಯಬೇಕಾದರೆ ಅರ್ಜಿ ಹಿಂದಿನ ವರ್ಷವೇ ಹೋಗಿರಬೇಕು. ಪರಿಶೀಲನೆಯಲ್ಲಿ ತಿದ್ದುಪಡಿ ಕೇಳುತ್ತಾರೆ, ಒಂದೇ ಸುತ್ತಿಗೆ ಮುಗಿಯುವುದು ಅಪರೂಪ. ಸಣ್ಣಪುಟ್ಟ ಕೆಲಸಕ್ಕೆ ಸ್ಥಳದಲ್ಲೇ ತಪಾಸಣೆ ಮಾಡುವ ಬೇರೆ ಥರದ ಪರ್ಮಿಟ್ ಇದೆ, ಅದು ಬೇಗ ಸಿಗುತ್ತದೆ.

ಮರಗಳ ವಿಷಯ ಹೆಚ್ಚು ಹೇಳಬೇಕಿಲ್ಲ. ತೋಟದ ಮರ ಕಡಿಯಲು ಅರಣ್ಯ ಇಲಾಖೆಯ ಬಾಗಿಲಿಗೆ ಹೋಗಿ ನಮಗೆ ಅಭ್ಯಾಸವಿದೆ. ಅಲ್ಲೂ 2023ರಿಂದ ನಿಯಮ ಬಿಗಿಯಾಗಿದೆ. ಸ್ವಂತ ಅಂಗಳದ ದೊಡ್ಡ ಮರವಾದರೂ ಕೇಳದೆ ಕೊಡಲಿ ಹಾಕಬೇಡಿ.

ಹಳೇ ಮನೆ ಕೊಳ್ಳುವವರು ನೆಲಮಾಳಿಗೆಗೆ ಇಳಿದು ನೋಡಿ. ಅಲ್ಲೊಂದು ಅಡುಗೆಮನೆ, ಬಚ್ಚಲು ಚೆನ್ನಾಗಿ ಮಾಡಿಟ್ಟಿದ್ದರೆ, ಬಾಡಿಗೆ ಬರುತ್ತದೆ ಅಂತ ಮಾರುವವರು ಹೇಳಿದರೆ, ಆ ವಿಳಾಸದ ಪರ್ಮಿಟ್ ಪಟ್ಟಿ ತೆಗೆಯಿರಿ. ಪರ್ಮಿಟ್ ಇಲ್ಲದೆ ಮಾಡಿದ ಕೆಲಸವಾದರೆ ಆ ತಲೆನೋವು ನಿಮಗೆ ಬರುತ್ತದೆ. ವಾಷಿಂಗ್ಟನ್‌ನಲ್ಲಿ ಮಾರುವವರು ಫಾರಂ 17 ಅಂತ ಒಂದು ತುಂಬಿಕೊಡಬೇಕು. ಮನೆ ಮಾರ್ಪಾಡು ಮಾಡಿದ್ದೀರಾ, ಪರ್ಮಿಟ್ ತೆಗೆದಿದ್ದೀರಾ, ಕೊನೆಯ ತಪಾಸಣೆ ಆಗಿದೆಯಾ ಅಂತ ಅದರಲ್ಲಿ ಕೇಳುತ್ತಾರೆ. ಅವರ ಉತ್ತರವನ್ನೂ ನಗರದ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪರ್ಮಿಟ್ ಕೊಟ್ಟ ತಾರೀಕಿದ್ದು ಮುಗಿದ ತಾರೀಕು ಖಾಲಿ ಇದ್ದರೆ ತಪಾಸಣೆ ಮುಗಿದಿಲ್ಲ ಅಂತ ಅರ್ಥ. ನಲ್ಲಿ, ಪೈಪಿನ ಪರ್ಮಿಟ್ ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಅದನ್ನು ಕೊಡುವುದು ಕಿಂಗ್ ಕೌಂಟಿಯ ಆರೋಗ್ಯ ಇಲಾಖೆ. ಮನೆಯಿಂದ ದೊಡ್ಡ ಚರಂಡಿವರೆಗಿನ ಪೈಪು ಮಾಲೀಕರ ಹೊಣೆ. ಅದು ಎಲ್ಲಿ ಹೋಗುತ್ತದೆ ಅನ್ನುವ ಹಳೇ ಕಾರ್ಡುಗಳನ್ನೂ ನಗರ ಆನ್‌ಲೈನ್‌ನಲ್ಲಿ ಇಟ್ಟಿದೆ.

ಪಕ್ಕದ ಜಾಗದಲ್ಲಿ, ಕಟ್ಟಲು ಅರ್ಜಿ ಬಿದ್ದಿದೆ ಅಂತ ತಿಳಿಸುವ ದೊಡ್ಡ ಬಿಳಿ ಬೋರ್ಡು ನಿಂತರೆ ಓದದೆ ದಾಟಬೇಡಿ. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 14 ದಿನ ಇರುತ್ತದೆ, ಬರೆದು ಕೇಳಿದರೆ ಇನ್ನೂ 14 ದಿನ ಕೊಡುತ್ತಾರೆ. ಕಟ್ಟಬೇಡಿ ಅಂತ ಬರೆದರೆ ಪ್ರಯೋಜನವಿಲ್ಲ. ಮಳೆ ನೀರು ಯಾವ ಕಡೆ ಬಿಡುತ್ತೀರಿ, ನಮ್ಮ ತಡೆಗೋಡೆಗೆ ಏನಾಗುತ್ತದೆ ಅಂತ ಕೇಳಿದರೆ ಅಧಿಕಾರಿ ಅದನ್ನು ನೋಡಲೇಬೇಕು.

ಕೊನೆಗೆ ಗುತ್ತಿಗೆದಾರ. ಪರಿಚಯದವರು ಹೇಳಿದರು ಅಂತ ಮುಂಗಡ ಕೊಡಬೇಡಿ. ವಾಷಿಂಗ್ಟನ್‌ನಲ್ಲಿ ಗುತ್ತಿಗೆದಾರರು ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು, ಬಾಂಡ್ (ಕೆಲಸ ಕೆಟ್ಟರೆ ಪರಿಹಾರಕ್ಕೆ ಖಾತರಿ) ಮತ್ತು ವಿಮೆ ಇಟ್ಟಿರಬೇಕು. ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ, ಬಾಂಡ್ ಮೇಲೆ ಯಾರಾದರೂ ದಾವೆ ಹಾಕಿದ್ದಾರೆಯೇ ತಿಳಿಯುತ್ತದೆ. ಅದೇ ಹೆಸರನ್ನು ನಗರದ ಪರ್ಮಿಟ್ ಪಟ್ಟಿಯಲ್ಲೂ ಹುಡುಕಿ. ಅವರು ಹಿಂದೆ ಕಟ್ಟಿದ ಹಿತ್ತಲ ಮನೆಗಳ ವಿಳಾಸ ಸಿಗುತ್ತದೆ. ಒಂದು ಶನಿವಾರ ಆ ಬೀದಿಗಳಿಗೆ ಹೋಗಿ ಮನೆಯವರನ್ನು ಮಾತಾಡಿಸಿ, ಆಮೇಲೆ ಒಪ್ಪಂದಕ್ಕೆ ಸಹಿ ಹಾಕಿ.